ಅರಸುಮಕ್ಕಳ ವ್ಯಾಕರಣ

ಡ್ರ್ಯಾಗನ್ ಸಾಕುವ ಕಾಲ್ಪನಿಕ ರಾಜಮನೆತನವೊಂದಕ್ಕೆ ಡೇವಿಡ್ ಪೀಟರ್ಸನ್ ಎಂಬ ಅಮೆರಿಕದ ಭಾಷಾವಿದರು ‘ಹೈ ವಲೀರಿಯನ್’ ಎಂಬ ಭಾಷೆಯನ್ನೇ ಕಟ್ಟಿಕೊಟ್ಟರು. 2013ರ ಹೊತ್ತಿಗೆ ಟೀವಿಯ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯಲ್ಲಿ ಅದರಲ್ಲೇ ಅಪ್ಪಣೆಗಳು ಹೊರಡತೊಡಗಿದವು. ಲಿಂಗ ನಾಲ್ಕು: ಚಾಂದ್ರ, ಸೌರ, ಪಾರ್ಥಿವ, ಜಲ. ವಚನವೂ ನಾಲ್ಕು, ವಿಭಕ್ತಿ ಎಂಟು. ಪಾಪ, ಇಷ್ಟೆಲ್ಲ ಕಷ್ಟ ಯಾಕೆ ಪಟ್ಟರೋ. ನಮ್ಮ ಮುಂಬೈಯಲ್ಲಿ ಭಾಷಾವಿದರ ಸಂಬಳದ ಖರ್ಚಿಲ್ಲದೆ ಒಂದು ರಾಜಭಾಷೆ ತಾನಾಗಿ ಬೆಳೆದುನಿಂತಿದೆ. ಬಿಲ್ಡರುಗಳ ಬ್ರೋಷರಿನಲ್ಲಿ ವೈನ್ ಗ್ಲಾಸ್ ಹಿಡಿದು ಸಮುದ್ರ ನೋಡುವ ಆ ಅರಸುಮಕ್ಕಳಿದ್ದಾರಲ್ಲ, ಅವರ ಭಾಷೆ.

ಮೊದಲು ಉಚ್ಚಾರ. ಕಟ್ಟಡದ ಹೆಸರಿನಲ್ಲಿ ಗ್ರ್ಯಾಂಡ್ ಅನ್ನಬಾರದು, ‘ಗ್ರಾಂಡೆ’ ಅನ್ನಬೇಕು. ಮುಂದೆ ಒಂದು ‘ಲಾ’ ಅಥವಾ ‘ಕಾಸಾ’ ಇದ್ದರೆ ಇನ್ನೂ ಶ್ರೇಷ್ಠ. ಕೆಳಗೆ ಕುಳಿತ ವಾಚ್‌ಮನ್ ಆ ಹೆಸರನ್ನು ಏನೆಂದು ಕೂಗುತ್ತಾನೆ, ಪಾರ್ಸೆಲ್ ತರುವ ಹುಡುಗ ಏನೆಂದು ಓದುತ್ತಾನೆ ಎಂಬುದು ಉಪಭಾಷೆಯ ವಿಚಾರ, ಇಲ್ಲಿ ಬೇಡ.

ಸ್ಥಳನಾಮಗಳಿಗೆ ಬಡ್ತಿ ಕಡ್ಡಾಯ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ತಣ್ಣಗಾದ ಲೋವರ್ ಪರೇಲ್ ಈಗ ‘ಅಪ್ಪರ್ ವರ್ಲಿ’. ವಡಾಲಾದ ಒಂದು ಮೂಲೆ ‘ನ್ಯೂ ಕಫ್ ಪರೇಡ್’. ಅಪ್ಪರ್ ವರ್ಲಿಯ ಪ್ರಭುಗಳ ಮನೆಗೆ ಪಾತ್ರೆ ತೊಳೆಯಲು ಬರುವ ಕೆಲಸದಾಕೆ ಮಾತ್ರ ಇಂದಿಗೂ ಲೋವರ್ ಪರೇಲ್ ಸ್ಟೇಷನ್ನಿನಲ್ಲೇ ಇಳಿಯುತ್ತಾಳೆ. ರೈಲ್ವೆಯವರಿಗೆ ವ್ಯಾಕರಣಜ್ಞಾನ ಕಮ್ಮಿ.

ಸಂಧಿಪ್ರಕರಣ ಮಾತ್ರ ನಮ್ಮದೇ, ಕೇಶಿರಾಜ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ. ಹಾಲಿಗೂ ಅಡುಗೆಮನೆಗೂ ನಡುವಿನ ಗೋಡೆ ಮಾಯವಾಗಿ ‘ಓಪನ್ ಕಿಚನ್’ ಆಗುವುದು ಲೋಪಸಂಧಿ. ಮೀನು ಹುರಿದರೆ ಸೋಫಾಕ್ಕೂ ಪಾಲು. ಬಾಲ್ಕನಿ ಇರಬೇಕಾದಲ್ಲಿ ಬರೀ ದೊಡ್ಡ ಕಿಟಕಿ ಬಂದು ಕುಳಿತರೆ ಆದೇಶಸಂಧಿ. ಇನ್ನು ಆಗಮಸಂಧಿ, ಇದೇ ಈ ಭಾಷೆಯ ಜೀವಾಳ. ಮನೆಯ ಬೆಲೆಗೂ ನಿಮ್ಮ ಚೆಕ್ಕಿಗೂ ನಡುವೆ ಹೊಸ ಅಕ್ಷರಗಳು ಬಂದು ಸೇರುತ್ತವೆ: ಕಟ್ಟುತ್ತಿರುವ ಮನೆಯಾದರೆ 5% ಜಿಎಸ್‌ಟಿ, 6% ಸ್ಟ್ಯಾಂಪ್ ಡ್ಯೂಟಿ, 30,000 ರೂಪಾಯಿ ನೋಂದಣಿ, ಪಾರ್ಕಿಂಗು, ಕ್ಲಬ್‌ಹೌಸು, ಸಮುದ್ರ ಕಾಣುವಷ್ಟು ಎತ್ತರದ ಮಹಡಿಯೆಂದು ‘ಫ್ಲೋರ್ ರೈಸ್’.

ವಿಭಕ್ತಿ ಒಂದೇ ಒಂದು, ‘ಇಂದ’. 1.99 ಕೋಟಿಯಿಂದ. ಏರ್‌ಪೋರ್ಟಿನಿಂದ ಹತ್ತೇ ನಿಮಿಷ (ರಾತ್ರಿ ಮೂರು ಗಂಟೆಗೆ, ಹೆಲಿಕಾಪ್ಟರಿನಲ್ಲಿ). ಎಲ್ಲಿಯವರೆಗೆ ಎಂದು ಕೇಳುವುದು ಅಪಪ್ರಯೋಗ. ಕಾಲವೂ ಒಂದೇ, ಭವಿಷ್ಯತ್. ಮೆಟ್ರೋ ಬರುವುದು, ಶಾಲೆ ಬರುವುದು, ಪೊಸೆಷನ್ ಸಿಗುವುದು.

ಈ ವ್ಯಾಕರಣಕ್ಕೆ ಸರ್ಕಾರ ಒಮ್ಮೆ ಗಟ್ಟಿಯಾಗಿ ಕೈಹಾಕಿತು. ‘ಸೂಪರ್ ಬಿಲ್ಟ್‌ಅಪ್’ ಎಂಬ ಉಪಸರ್ಗವೊಂದಿತ್ತು. ಲಿಫ್ಟು, ಮೆಟ್ಟಿಲು, ಲಾಬಿಯ ಪಾಲನ್ನೂ ನಿಮ್ಮ ಬೆಡ್‌ರೂಮಿನ ಲೆಕ್ಕಕ್ಕೆ ಸೇರಿಸಿ ಊದಿಸುತ್ತಿತ್ತು. 2017ರಲ್ಲಿ ಬಿಲ್ಡರುಗಳ ಮೇಲೆ ಕಣ್ಣಿಡುವ ಮಹಾರಾಷ್ಟ್ರದ ಪ್ರಾಧಿಕಾರ ಮಹಾರೇರಾ ಬಂದಮೇಲೆ ಕಾರ್ಪೆಟ್ ಏರಿಯಾದ, ಅಂದರೆ ಮನೆಯೊಳಗೆ ನಿಜಕ್ಕೂ ಬಳಸುವ ನೆಲದ, ಲೆಕ್ಕದಲ್ಲೇ ಮಾರಬೇಕಾಯಿತು. ಉಪಸರ್ಗ ಹೋಯಿತು, ವಿಶೇಷಣಗಳು ದುಪ್ಪಟ್ಟಾದವು.

ಡೊಂಬಿವಲಿಯ ಒಂದು ಬೆಡ್‌ರೂಮ್ ಮನೆಯಲ್ಲಿ ಆಯುಸ್ಸು ಕಳೆದ ನಮ್ಮ ಭಾವ ಮೊನ್ನೆ ಅಕ್ಕನನ್ನು ಕರೆದುಕೊಂಡು ಠಾಣೆಯ ಘೋಡ್‌ಬಂದರ್ ರಸ್ತೆಗೆ ಫ್ಲ್ಯಾಟ್ ನೋಡಲು ಹೊರಟರು. ನಾನೂ ಜೊತೆಗಿದ್ದೆ. ಸ್ಯಾಂಪಲ್ ಫ್ಲ್ಯಾಟಿನಲ್ಲಿ ಬಾಗಿಲುಗಳಿರಲಿಲ್ಲ. ಬಾಗಿಲಿದ್ದರೆ ತೆರೆಯಲು ಜಾಗ ಬೇಕಲ್ಲ. ಮಂಚ ಗೊಂಬೆಗೆ ಮಾಡಿಸಿದ ಹಾಗಿತ್ತು. ಭಾವ ಚಪ್ಪಲಿ ಬಿಟ್ಟು ಮಲಗಿಯೇ ನೋಡಿದರು, ಮೊಣಕಾಲಿನಿಂದ ಕೆಳಗೆಲ್ಲ ಹೊರಗೆ.

“ಅಲ್ಲ, ಬಟ್ಟೆ ಒಣಗಿಸೋದೆಲ್ಲಿ?” ಅಕ್ಕ ಕೇಳಿದಳು.

ಟೈ ಕಟ್ಟಿದ ಹುಡುಗ ತಬ್ಬಿಬ್ಬಾದ. ಆ ಭಾಷೆಯಲ್ಲಿ ಒದ್ದೆ ಬಟ್ಟೆಗೆ ಶಬ್ದವೇ ಇಲ್ಲ. “ಮ್ಯಾಡಮ್, ಇಟಾಲಿಯನ್ ಫಿನಿಶ್ ಯುಟಿಲಿಟಿ ಝೋನ್ ಹೈ” ಎಂದು ಒಂದು ಗೂಡು ತೋರಿಸಿದ. ವಾಷಿಂಗ್ ಮೆಷಿನ್ ಇಟ್ಟರೆ ಅಕ್ಕ ಹೊರಗೆ, ಅಕ್ಕ ನಿಂತರೆ ಮೆಷಿನ್ ಹೊರಗೆ.

“ಎಂತ ಮಾರಾಯಾ, ಇದಕ್ಕಾ ಎರಡು ಕೋಟಿ?” ಎಂದು ಭಾವ ಗೊಣಗಿದ್ದೇ ತಡ, ಹುಡುಗನ ಮುಖ ಅರಳಿತು.

“ನಿಮ್ದ್ ಯಾವೂರ್ ಸರ್?”

“ಕುಂದಾಪುರ.”

“ನಂದ್ ಬೈಂದೂರ್!” ಆಚೀಚೆ ನೋಡಿ ದನಿ ತಗ್ಗಿಸಿದ. “ಕಾಣಿ, ಬ್ಯಾಸ್ಗೀಲಿ ಇಲ್ಲಿಗೆ ನೀರ್ ಬಪ್ಪುದ್ ಟ್ಯಾಂಕರಂಗೆ. ಎದ್ರಿಗಿಪ್ಪು ಖಾಲಿ ಜಾಗದಂಗೂ ನಮ್ದೇ ಟವರ್ ಬತ್ತ್. ಗುಡ್ಡ ಎಲ್ಲ ಕಾಂತಿಲ್ಲೆ ಮತ್ತೆ.”

ಅಷ್ಟರಲ್ಲಿ ಮ್ಯಾನೇಜರ್ ಒಳಗೆ ಬಂದ. ಹುಡುಗ ಟೈ ಸರಿಮಾಡಿಕೊಂಡು, “ಸರ್, ನೆಕ್ಸ್ಟ್ ಇಸ್ ಯುವರ್ ಇನ್‌ಫಿನಿಟಿ ಹಿಲ್ ವ್ಯೂ” ಎಂದು ಪರದೆ ಸರಿಸಿದ.