ಬಿಟ್ಟು ಬಂದವರನ್ನು ಕೇಳು

ಭಾನುವಾರ ದಾವಣಗೆರೆಯ ರಾಂ ಅಂಡ್ ಕೋ ಸರ್ಕಲ್ ಹತ್ತಿರ ದೋಸೆ ತಿನ್ನುವಾಗ ಅಕ್ಕನ ಮಗ ಮೊಬೈಲ್ ಮುಂದೆ ಹಿಡಿದ. ಕ್ಯಾಂಪಸ್ಸಿನಲ್ಲೇ ಕೆಲಸ ಸಿಕ್ಕಿದೆ. 'ಮಾಮ, ಏಷ್ಯಾದ ಬೆಸ್ಟ್ ಎಂಪ್ಲಾಯರ್ ಅಂತ ಅವಾರ್ಡ್ ಬಂದಿದೆಯಂತೆ ನೋಡು.' ಫೋಟೋದಲ್ಲಿ ಬೀನ್ ಬ್ಯಾಗು, ಕೇರಂ ಬೋರ್ಡು, ನಗುವ ಮುಖಗಳು. ನಾನು ಕೇಳಿದ್ದು ಒಂದೇ: 'ಅಲ್ಲಿ ಕೆಲಸ ಬಿಟ್ಟವರು ಯಾರಾದ್ರೂ ಗೊತ್ತೇನೋ?' ಸೇರೋಕೆ ಹೊರಟವನಿಗೆ ಬಿಟ್ಟವರ ಸುದ್ದಿ ಯಾಕೆ ಅಂತ ನನ್ನ ಮುಖ ನೋಡಿದ.

ಇಂಥ ಪ್ರಶಸ್ತಿಗಳ ಸರ್ವೆಯಲ್ಲಿ ಸಾಮಾನ್ಯವಾಗಿ ಕೇಳೋದು ಒಳಗಿರುವವರನ್ನೇ. ಒಂದನೇ ತಾರೀಖು ಸಂಬಳ ಬರಬೇಕಾದವನು ಏನು ತಾನೇ ಬರೀತಾನೆ? ಹೆಣ್ಣು ನೋಡೋಕೆ ಬಂದ ದಿನ ಎಲ್ಲರ ಮನೆ ಉಪ್ಪಿಟ್ಟೂ ಚೆನ್ನಾಗೇ ಇರುತ್ತೆ.

ನಮ್ಮಪ್ಪ ಇಲ್ಲಿನ ಒಂದು ಹತ್ತಿ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರಿದ್ದ ಕಾಲ. ಮಿಲ್ಲಿನ ಕೂಗಿಗೆ ನಮ್ಮ ಓಣಿಯ ಒಲೆ ಹತ್ತುತ್ತಿತ್ತು. ಬಟವಾಡೆ ದಿನ ಮಂಡಕ್ಕಿ, ಮಿರ್ಚಿ. ನಡೆಯುವಷ್ಟು ದಿನ ಮಿಲ್ಲು ಒಳ್ಳೇದೇ ಇತ್ತು, ಅದರ ಗುಣ ಗೊತ್ತಾಗಿದ್ದು ಬಾಗಿಲು ಹಾಕಿದ ಮೇಲೆ. ಗ್ರಾಚ್ಯುಟಿ ಅಂದ್ರೆ ಕೆಲಸ ಮುಗಿದಾಗ ಮಾಲೀಕ ಕೊಡಬೇಕಾದ ಇಡುಗಂಟು. 1972ರ ಗ್ರಾಚ್ಯುಟಿ ಕಾಯ್ದೆಯ ಲೆಕ್ಕ ಅಪ್ಪನಿಗೆ ಬಾಯಿಪಾಠ: ಕೊನೆ ತಿಂಗಳ ಬೇಸಿಕ್ಕು, ಡಿಎ (ತುಟ್ಟಿಭತ್ಯೆ) ಕೂಡಿಸು, 26ರಿಂದ ಭಾಗಿಸು, 15ರಿಂದ ಗುಣಿಸು, ಆಮೇಲೆ ಸರ್ವಿಸ್ ವರ್ಷದಿಂದ ಗುಣಿಸು. 30 ದಿನದಲ್ಲಿ ಕೊಡಬೇಕು ಅಂತ ಆ ಕಾಯ್ದೆಯಲ್ಲಿತ್ತು. ಅಪ್ಪನ ಕೈಗೆ ಬಂದಿದ್ದು ಒಂಬತ್ತು ವರ್ಷದ ಮೇಲೆ, ಅದೂ ಕಂತಿನಲ್ಲಿ. ಅಷ್ಟರಲ್ಲಿ ಅಕ್ಕನ ಮದುವೆ ಸಾಲದ ಬಡ್ಡಿ ಅಸಲನ್ನೇ ದಾಟಿತ್ತು.

ಏಷ್ಯಾ ಅಂದ್ರಲ್ಲ, ನನಗೆ ನೆನಪಾಗೋದು ಜಪಾನಿನ ಕೊನೊಸುಕೆ ಮತ್ಸುಶಿತಾ. ಈಗಿನ ಪ್ಯಾನಸಾನಿಕ್ ಕಟ್ಟಿದವರು. 1929ರ ಡಿಸೆಂಬರ್‌ನಲ್ಲಿ ಮಾರಾಟ ಬಿದ್ದು ಗೋದಾಮು ತುಂಬಿ ಕೂತಾಗ, ಅರ್ಧ ಜನರನ್ನು ತೆಗೀಬೇಕು ಅಂತ ಮ್ಯಾನೇಜರ್‌ಗಳು ಹೇಳಿದರು. ಮತ್ಸುಶಿತಾ ತೆಗೆಯಲಿಲ್ಲ. ಉತ್ಪಾದನೆ ಅರ್ಧಕ್ಕಿಳಿಸಿ, ಅರ್ಧ ದಿನ ಕೆಲಸ, ಪೂರ್ತಿ ಸಂಬಳ, ರಜೆಯಲ್ಲೂ ಎಲ್ಲರೂ ದಾಸ್ತಾನು ಮಾರಬೇಕು ಅಂದರು. ಎರಡು ತಿಂಗಳಲ್ಲಿ ಗೋದಾಮು ಖಾಲಿ. ಹಾಗಂತ ಜಪಾನ್ ಅಂದ್ರೆ ಕೈ ಮುಗಿಯೋದೂ ಬೇಡ. ದುಡಿದು ದುಡಿದು ಸಾಯೋದಕ್ಕೆ 'ಕರೋಶಿ' ಅನ್ನೋ ಪದ ಹುಟ್ಟಿದ್ದೂ ಅಲ್ಲೇ. ಚೀನಾದಲ್ಲಿ ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತು, ವಾರಕ್ಕೆ ಆರು ದಿನ ಅನ್ನೋ ಪದ್ಧತಿ ಕಾನೂನುಬಾಹಿರ ಅಂತ ಅಲ್ಲಿನ ಸುಪ್ರೀಂ ಕೋರ್ಟೇ 2021ರಲ್ಲಿ ಹೇಳಬೇಕಾಯ್ತು. ನಮ್ಮಲ್ಲಿ ವಾರಕ್ಕೆ 70 ಗಂಟೆ ದುಡೀರಿ ಅನ್ನೋ ಉಪದೇಶ ಬೇರೆ. ಆದ್ರೆ ನಮ್ಮದೇ ಜಮ್‌ಷೆಡ್‌ಪುರದ ಟಾಟಾ ಕಾರ್ಖಾನೆಯಲ್ಲಿ 1912ರಲ್ಲೇ ದಿನಕ್ಕೆ ಎಂಟು ಗಂಟೆ ದುಡಿಮೆ, 1920ರಲ್ಲೇ ಪಿಎಫ್ (ಭವಿಷ್ಯ ನಿಧಿ) ಬಂದಿತ್ತು. ದೇಶಕ್ಕೆ ಪಿಎಫ್ ಕಾಯ್ದೆ ಬಂದಿದ್ದು 1952ರಲ್ಲಿ. ಕಾಯ್ದೆ ಕುತ್ತಿಗೆಗೆ ಬರೋ ಮೊದಲೇ ಕೊಟ್ಟಿದ್ದು ಲೆಕ್ಕಕ್ಕೆ ಬರುತ್ತೆ.

ದೂರ ಯಾಕೆ, ಹರಿಹರದಲ್ಲಿ ನನ್ನ ಪರಿಚಯದವರದ್ದೊಂದು ವರ್ಕ್‌ಶಾಪ್ ಇದೆ. ಮೂರು ಲೇತು, ಒಂಬತ್ತು ಜನ. ಮಾಲೀಕ ದಿನವಿಡೀ ಬೈತಾನೆ, ಅಲ್ಲಿನ ಚಹಾ ಕುಡಿಯೋಕಾಗಲ್ಲ. ಆದ್ರೆ 2020ರ ಲಾಕ್‌ಡೌನ್‌ನಲ್ಲಿ ಒಬ್ಬರನ್ನೂ ಮನೆಗೆ ಕಳಿಸಲಿಲ್ಲ. ಎಲ್ಲರಿಗೂ ಮೂರರಲ್ಲಿ ಎರಡು ಪಾಲು ಕೂಲಿ. ಹಿಡಿದುಕೊಂಡಿದ್ದನ್ನು ನೋಟ್‌ಬುಕ್ಕಿನಲ್ಲಿ ಹೆಸರು ಹೆಸರಾಗಿ ಬರೆದಿಟ್ಟು, ಮರುವರ್ಷದ ದೀಪಾವಳಿಗೆ ತೀರಿಸಿದ. ಮತ್ಸುಶಿತಾ ಹೆಸರನ್ನೂ ಕೇಳಿದವನಲ್ಲ.

ನಾನು ಬೆಂಗಳೂರಲ್ಲಿ ದುಡಿದ ಕಂಪನಿಯ ಗೋಡೆ ತುಂಬಾ ಅವಾರ್ಡು. 'ನಾವೆಲ್ಲ ಒಂದೇ ಫ್ಯಾಮಿಲಿ' ಅಂತಿದ್ದರು. ಅಮ್ಮನಿಗೆ ಹುಷಾರಿಲ್ಲ, ಊರಿಗೆ ಹೋಗಬೇಕು ಅಂತ ರಾಜೀನಾಮೆ ಕೊಟ್ಟ ದಿನ 90 ದಿನದ ನೋಟಿಸ್ ನೆನಪಾಯ್ತು ಆ ಫ್ಯಾಮಿಲಿಗೆ. ರಿಲೀವಿಂಗ್ ಲೆಟರ್‌ಗೆ ನಾಲ್ಕು ತಿಂಗಳು ಅಲೆದೆ.

ಹುಡುಗ ರಾತ್ರಿ ಮೆಸೇಜ್ ಹಾಕಿದ್ದ. 'ಮಾಮ, ಇಬ್ಬರ ನಂಬರ್ ಸಿಕ್ತು. ಒಬ್ರು ಎತ್ತಲಿಲ್ಲ. ಇನ್ನೊಬ್ರು ಜೂನ್‌ನಲ್ಲೇ ಬಿಟ್ರಂತೆ, ಫೈನಲ್ ಸೆಟಲ್‌ಮೆಂಟ್ ಇನ್ನೂ ಬಂದಿಲ್ಲವಂತೆ. ಏನ್ ಮಾಡ್ಲಿ?' ಎಜುಕೇಶನ್ ಲೋನಿನ ಕಂತು ಶುರುವಾಗೋದು ಯಾವಾಗ ಅಂತ ನನಗೂ ಗೊತ್ತು. ಸೇರ್ಕೋ ಅಂದೆ. ಪ್ರತಿ ತಿಂಗಳ ಪೇಸ್ಲಿಪ್ ನಿನ್ನ ಸ್ವಂತ ಮೇಲ್‌ಗೆ ಹಾಕ್ಕೋ, ಪಿಎಫ್ ಪಾಸ್‌ಬುಕ್ ಮೂರು ತಿಂಗಳಿಗೊಮ್ಮೆ ತೆಗೆದು ನೋಡು ಅಂತಾನೂ ಬರೆದೆ. ಥಂಬ್ಸ್ ಅಪ್ ಹಾಕಿ ಮಲಗಿದ.