ಪಿನ್ನು ಕೀಳುವ ಕೆಲಸ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇಂಟರ್ನ್ ಅಂದರೆ ಜನ ಕಣ್ಣರಳಿಸುತ್ತಾರೆ. ನಾನಿರುವುದು ಅದರ ದಾಖಲೆ ಭಂಡಾರದಲ್ಲಿ. ಡಿಸೈನರ್‌ಗಳು, ಕಲಾವಿದರು, ಕಂಪನಿಗಳು ಬಿಟ್ಟುಹೋದ ಕಾಗದಪತ್ರಗಳಿಗೆಂದೇ 1978ರಲ್ಲಿ ಶುರುವಾದ ವಿಭಾಗ. ಮೊದಲು ಅಂಚೆ ಉಳಿತಾಯ ಬ್ಯಾಂಕಿನ ಹಳೇ ಕಟ್ಟಡದಲ್ಲಿತ್ತಂತೆ. ಈಗ ಒಲಿಂಪಿಕ್ ಪಾರ್ಕಿನಲ್ಲಿ 2025ರಲ್ಲಿ ಬಾಗಿಲು ತೆರೆದ ಹೊಸ ಉಗ್ರಾಣದಲ್ಲಿದೆ. ಕುರ್ಚಿ ಗ್ಯಾಲರಿಗೆ, ಕುರ್ಚಿಯ ಬಿಲ್ಲು ನಮಗೆ.

ಕೆಲಸ ಏನು ಅಂದರೆ, ಹೆಚ್ಚಾಗಿ ಪಿನ್ನು ಕೀಳುವುದು. ಫೋನಿನಲ್ಲಿ ಹೇಳಿದಾಗ ಅಮ್ಮ, "ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತೇನೇ? ನಮ್ಮ ತಾಲ್ಲೂಕಾಫೀಸಲ್ಲೇ ಬೇಕಾದಷ್ಟಿತ್ತಲ್ಲ" ಅಂದಳು.

ಪಿನ್ನು ಕೀಳುವುದು ಸುಮ್ನೆ ಮಾತಲ್ಲ. ಹಳೆಯ ಗುಂಡುಪಿನ್ನು ತುಕ್ಕು ಹಿಡಿದು ಕಾಗದವನ್ನು ಕಚ್ಚಿಕೊಂಡಿರುತ್ತದೆ. ಎಳೆದರೆ ಕಾಗದವೇ ಕಿತ್ತು ಬರುತ್ತದೆ. ತೆಳು ಪ್ಲಾಸ್ಟಿಕ್ ಚೂರೊಂದನ್ನು ಅದರಡಿ ತೂರಿಸಿ, ಕಾಗದ ಅಲುಗದಂತೆ ಒತ್ತಿಹಿಡಿದು, ಮೆಲ್ಲಗೆ ಜಾರಿಸಬೇಕು. ಸ್ಟೇಪ್ಲರ್ ಪಿನ್ನಾದರೆ ಮೊದಲು ಹಿಂದಿನ ಕಾಲುಗಳನ್ನು ಎಬ್ಬಿಸಬೇಕು. ಹಳೇ ರಬ್ಬರ್ ಬ್ಯಾಂಡು ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಆದರೆ ನನ್ನ ಸಿಟ್ಟೆಲ್ಲ ಸೆಲೋಟೇಪಿನ ಮೇಲೆ. ಟೇಪು ಉದುರಿಹೋದರೂ ಕಂದು ಕಲೆ ಹೋಗುವುದಿಲ್ಲ. ಸಿನಿಮಾದಲ್ಲಿ ತೋರಿಸುವ ಬಿಳಿ ಗ್ಲೌಸೂ ಇಲ್ಲ. ಕಾಗದಕ್ಕೆ ತೊಳೆದು ಒರೆಸಿದ ಬರಿಗೈಯೇ ವಾಸಿ, ಗ್ಲೌಸೇನಿದ್ದರೂ ಫೋಟೋಗಳಿಗೆ. ಬರೆಯುವುದಕ್ಕೆ ಪೆನ್ಸಿಲ್ಲೇ, ಪೆನ್ನಿಗೆ ಪ್ರವೇಶವಿಲ್ಲ.

ಇದೆಲ್ಲ ಕೈಗೆ ಬರುತ್ತದೆ. ಬರದಿರುವುದು ಓರಣ ಮಾಡದೆ ಸುಮ್ಮನಿರುವುದು. ಎರಡು ಪತ್ರಗಳ ನಡುವೆ ಬಸ್ ಟಿಕೆಟ್ ಸಿಕ್ಕಿದರೆ ಅಲ್ಲೇ ಇರಬೇಕು. ಡಿಸೈನರ್ ಸಾಹೇಬರು ಲಾಂಡ್ರಿ ಚೀಟಿಯನ್ನು ಪರದೆ ಬಟ್ಟೆಯ ನಕ್ಷೆಯ ಜೊತೆ ಇಟ್ಟಿದ್ದರೆ, ಅವರು ಇಟ್ಟದ್ದೇ ಕ್ರಮ. ನಂಬರಿಗೂ ವಿಷಯದ ಹಂಗಿಲ್ಲ, ಸಂಗ್ರಹ ಬಂದ ವರ್ಷವೇ ಅದರ ಗುರುತು. 1810ರಲ್ಲಿ ಹಾಸಿಗೆ ವ್ಯಾಪಾರಕ್ಕಿಳಿದ ಹೀಲ್ಸ್ ಕಂಪನಿಯ ಲೆಕ್ಕಪತ್ರಗಳು 1978/2. ಹಾಸಿಗೆ, ಕುರ್ಚಿ, ಉಡುಪು ಅಂತ ಬೇರೆ ಬೇರೆ ಜೋಡಿಸಿಡೋಣ ಅಂತ ಕೈ ತುರಿಸುತ್ತದೆ, ಏನು ಮಾಡಲಿ? ಬೆಳೆದದ್ದೇ ಶನಿವಾರ ಶನಿವಾರ ಬೀರು ಜೋಡಿಸುವ ಮನೆಯಲ್ಲಿ.

ಮತ್ತೆ ಓದುವ ಚಪಲ ಬೇರೆ. ಎಷ್ಟು ದೊಡ್ಡ ಕಲಾವಿದರಾದರೂ ಫೈಲಿನಲ್ಲಿ ಕಲೆಗಿಂತ ಬಾಕಿ ವಸೂಲಿಯೇ ಜಾಸ್ತಿ. ಮೊದಲ ಪತ್ರದಲ್ಲಿ ವಿನಯ, ಎರಡನೆಯದರಲ್ಲಿ ನೆನಪೋಲೆ, ಮೂರನೆಯದಕ್ಕೆ ಅಕ್ಷರವೇ ದಪ್ಪ. ದುಡ್ಡು ಬಂತೋ ಇಲ್ಲವೋ? ಅದು ಮುಂದಿನ ಪೆಟ್ಟಿಗೆಯಲ್ಲಿರಬೇಕು, ಆ ಪೆಟ್ಟಿಗೆ ಪಕ್ಕದ ಮೇಜಿನ ಹುಡುಗಿಯ ಪಾಲಿಗೆ ಹೋಗಿದೆ. ಊಟದ ಹೊತ್ತಿನಲ್ಲಿ ಕೇಳಬೇಕು.