ಸತ್ಯಾಂಶ: ಲೇಬಲ್ ಮೇಲಿನ ಎಂಎಎಚ್ ಅಳತೆಯಲ್ಲ

ಬೇರೆ ಕಂಪನಿಯ ಕ್ಯಾಮೆರಾ ಬ್ಯಾಟರಿಯಲ್ಲಿ ಎಂಎಎಚ್ (ಮಿಲಿಆಂಪಿಯರ್-ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಅಂಕಿ) ಹೆಚ್ಚು ಬರೆದಿದ್ದರೆ ಅದೇ ಹೆಚ್ಚು ಹೊತ್ತು ಬರುತ್ತದೆ ಎನ್ನುವ ಫಾರ್ವರ್ಡ್ ಮತ್ತೆ ಮತ್ತೆ ಸುತ್ತುತ್ತದೆ. ನಂಬುವುದು ಸಹಜವೇ, ಅಂಕಿ ಕಣ್ಣೆದುರೇ ಇರುತ್ತದಲ್ಲ! ಆದರೆ ಅದು ತಯಾರಕರ ಹೇಳಿಕೆಯಷ್ಟೇ.

ವೋಲ್ಟೇಜನ್ನೂ ನೋಡಿ. 7.2 ವೋಲ್ಟ್, 2000 ಎಂಎಎಚ್ ಎಂದರೆ 14.4 ವ್ಯಾಟ್-ಅವರ್, ಅದೇ ಒಳಗಿನ ಒಟ್ಟು ಶಕ್ತಿ. ಚಾರ್ಜರಿಗೆ ಸಿಕ್ಕಿಸಿದ ಯುಎಸ್‌ಬಿ ಮೀಟರ್ (ಹರಿದುಹೋದ ಕರೆಂಟನ್ನು ಎಣಿಸುವ ಪುಟ್ಟ ಸಾಧನ) 5 ವೋಲ್ಟ್‌ನಲ್ಲಿ ಎಣಿಸುವುದರಿಂದ ಅದೇ ಬ್ಯಾಟರಿಗೆ 2880 ಎಂಎಎಚ್‌ಗೂ ಹೆಚ್ಚು ತೋರಿಸುತ್ತದೆ, ಹಾಗಾಗಿ ಆ ಅಂಕಿಯನ್ನೂ ಲೇಬಲ್ ಜೊತೆ ಹೋಲಿಸಬೇಡಿ. ಚಾರ್ಜಿಂಗ್ ನಷ್ಟವೂ ಅದರಲ್ಲೇ ಸೇರಿರುತ್ತದೆ.

ಖಚಿತ ದಾರಿ ಖಾಲಿ ಮಾಡಿ ಅಳೆಯುವುದು. ಪೂರ್ತಿ ಚಾರ್ಜ್ ಆದ ಬ್ಯಾಟರಿಯಿಂದ ಬ್ಯಾಟರಿ ಟೆಸ್ಟರ್ (ಖಾಲಿ ಮಾಡಿ ಅಳೆಯುವ ಸಾಧನ) ಸತತ 0.5 ಆಂಪಿಯರ್ ಎಳೆದಾಗ 3 ಗಂಟೆಗೇ ಮುಗಿದರೆ, ಒಳಗಿದ್ದದ್ದು 1500 ಎಂಎಎಚ್ ಮಾತ್ರ. ಟೆಸ್ಟರ್ ಇಲ್ಲವೇ? ಒಂದೇ ಕ್ಯಾಮೆರಾದಲ್ಲಿ, ಒಂದೇ ಸೆಟ್ಟಿಂಗ್‌ನಲ್ಲಿ ಹಳೆಯದು, ಹೊಸದು ಎರಡರಲ್ಲೂ ವಿಡಿಯೊ ಓಡಿಸಿ, ಗಡಿಯಾರ ನೋಡಿ. ಪರದೆಯ ಶೇಕಡಾವಾರು ಬೇಡ, ಅದು ಬರೀ ಅಂದಾಜು.